ಕಿಕ್ ಇದೆಯಾ ಅಂತ ಕೇಳುವವರಿಗೆ

ಇದೆ. ಕಿಕ್ ಇದೆ. ಲೆಕ್ಕ ಬೇಕಾದರೆ ಅದನ್ನೂ ಕೊಡುತ್ತೇನೆ. ಪ್ರತಿ ವರ್ಷ ನವೆಂಬರ್ ಕೊನೆಗೆ ನಾನು ಶಿಕಾಗೊದಲ್ಲಿ ಕೊಂಡು ತರುವ, ಬರ್ಬನ್ ವಿಸ್ಕಿ ಇಟ್ಟಿದ್ದ ಹಳೇ ಓಕ್ ಪೀಪಾಯಿಯಲ್ಲಿ ಬೆಳೆಸಿದ ಆ ಕಪ್ಪು ಬಿಯರ್ ಬಾಟಲಿ ಅರ್ಧ ಲೀಟರಿನದು. ಆಲ್ಕೋಹಾಲ್ ಶೇಕಡಾ 14ರ ಆಸುಪಾಸು. ಊರಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಬಾಟಲಿ ಅಂದರೆ 60 ಎಂಎಲ್‌ನ ಎರಡೂಮುಕ್ಕಾಲು ಲಾರ್ಜ್ ವಿಸ್ಕಿ. ಸಾಕಲ್ವಾ? ಇನ್ನು ಮೇಲೆ ಫೋನಿನಲ್ಲಿ, ಮದುವೆ ಮನೆಯಲ್ಲಿ, ಏರ್‌ಪೋರ್ಟಿನಿಂದ ಕರೆದುಕೊಂಡು ಬರುವ ಕಾರಿನಲ್ಲಿ ಇದನ್ನೇ ಕೇಳಬೇಡಿ.

ಕೇಳುವ ರೀತಿ ಬೇರೆ ಬೇರೆ. ‘ಬಿಯರಿಗೆ ಇಷ್ಟು ದುಡ್ಡಾ? ಅಂಥಾ ಕಿಕ್ ಏನಿದೆಯೋ ಅದರಲ್ಲಿ?’ ‘ಅದೇ ದುಡ್ಡಿಗೆ ಒಂದು ಫುಲ್ ವಿಸ್ಕಿ ಬರುತ್ತಲ್ಲೋ!’ ಎಲ್ಲದರ ಒಳಗೆ ಇರುವುದು ಒಂದೇ: ಕೊಟ್ಟ ದುಡ್ಡಿಗೆ ಎಷ್ಟು ಏರುತ್ತೆ? ನನಗೆ ಸಿಟ್ಟು ಬರುವುದು ಇದಕ್ಕೇ. ಪೀಬೆರಿ ಕಾಫಿ ಬೀಜ ಹುಡುಕಿಕೊಂಡು ಹೋಗಿ, ಎದುರಿಗೇ ಪುಡಿ ಮಾಡಿಸಿಕೊಂಡು ಬರುವವರನ್ನು ‘ಇದು ಕುಡಿದರೆ ಎಷ್ಟು ಹೊತ್ತು ನಿದ್ದೆ ಬರಲ್ಲ?’ ಅಂತ ಯಾರಾದರೂ ಕೇಳುತ್ತಾರಾ? ಹೇಗಿದೆ ಅಂತ ಕೇಳುತ್ತಾರೆ.

ಹೋದ ಸಲ ಕಾಲೇಜಿನ ಗೆಳೆಯನೊಬ್ಬ ಬಂದಿದ್ದ. ಎರಡು ವರ್ಷದಿಂದ ಇಟ್ಟುಕೊಂಡಿದ್ದ ಬಾಟಲಿಯನ್ನು ಅವನಿಗೋಸ್ಕರ ತೆಗೆದೆ. ನಾನು ತಿಂಡಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ದೊಡ್ಡ ಲೋಟಕ್ಕೆ ಐಸ್ ತುಂಬಿ, ಅದರ ಮೇಲೆ ಸುರಿದು, ಎರಡು ಗುಟುಕಿಗೆ ಮುಗಿಸಿ, ‘ಕೆಮ್ಮಿನ ಔಷಧಿ ಇದ್ದ ಹಾಗಿದೆ, ಏರಲೂ ಇಲ್ಲ’ ಅಂದ. ಐದು ನಿಮಿಷಕ್ಕೆ ಹೇಗೆ ಏರುತ್ತೆ? ನನಗೆ ನಿಜವಾಗಿ ಬೇಜಾರಾಯಿತು.

ಇದನ್ನು ಕುಡಿಯುವ ಕ್ರಮವೇ ಬೇರೆ. ಒಂದು ಬಾಟಲಿ ನಾಲ್ಕು ಜನಕ್ಕೆ. ಕುಡಿಯುವ ಅರ್ಧ ಗಂಟೆ ಮೊದಲೇ ಫ್ರಿಜ್ಜಿನಿಂದ ಹೊರಗಿಡಬೇಕು. ಚಿಕ್ಕ ಗ್ಲಾಸು. ನೊರೆ ಜಾಸ್ತಿ ಏಳಲ್ಲ, ಎದ್ದರೂ ಕಂದು ಬಣ್ಣದ ತೆಳು ಪದರ ಒಂದು ನಿಮಿಷ ನಿಂತು ಹೋಗುತ್ತೆ. ಮೊದಮೊದಲು ತಣ್ಣಗಿರುವಾಗ ಹುರಿದ ಬಾರ್ಲಿಯ ಕಹಿ ಮಾತ್ರ ಸಿಗುತ್ತೆ, ಸ್ವಲ್ಪ ಸೀದ ಹಾಗೆ, ಗಟ್ಟಿ ಡಿಕಾಕ್ಷನ್ನಿನ ಹಾಗೆ. ಹತ್ತು ನಿಮಿಷ ಬಿಡಿ. ಕೊಬ್ಬರಿ ವಾಸನೆ ಏಳುತ್ತೆ. ಸುಮ್ನೆ ಹೇಳುತ್ತಿಲ್ಲ, ಓಕ್ ಮರದಲ್ಲಿ ಲ್ಯಾಕ್ಟೋನ್ ಅನ್ನುವ ಅಂಶ ಇರುತ್ತೆ, ಅದರ ವಾಸನೆಯೇ ಕೊಬ್ಬರಿಯದ್ದು. ಆಮೇಲೆ ವೆನಿಲಾ. ಅದೂ ಮರದಿಂದಲೇ, ಮರವನ್ನು ಸುಟ್ಟಾಗ ಹುಟ್ಟುವುದು. ಆಮೇಲೆ ನಾಲಿಗೆ ಮೇಲೆ ಜೋನಿ ಬೆಲ್ಲ. ಎಲ್ಲ ಇಳಿದ ಮೇಲೆ ಕೊನೆಯಲ್ಲಿ ಕೆನ್ನೆಯ ಒಳಗೆ ಉಳಿಯುವುದು ಒಗರು. ನಮ್ಮಲ್ಲಿ ಅದಕ್ಕೆ ಎಷ್ಟು ಸರಿಯಾದ ಮಾತಿದೆ ನೋಡಿ. ಎಳೆ ಅಡಿಕೆ ಜಗಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನನ್ನನ್ನು ಸರಿಯಾದ ಪ್ರಶ್ನೆ ಕೇಳಿದವರು ಇಲ್ಲಿಯವರೆಗೆ ಒಬ್ಬರೇ. ನನ್ನ ದೊಡ್ಡಪ್ಪ. ಅವರು ಕುಡಿಯುವವರೇ ಅಲ್ಲ.

ಅಕ್ಕನ ಬಾಣಂತನಕ್ಕೆ ದೊಡ್ಡಮ್ಮನ ಜೊತೆ ಅಮೆರಿಕಕ್ಕೆ ಬಂದಿದ್ದರು. ನಮ್ಮ ಮನೆಯಲ್ಲಿ ಒಂದು ವಾರ ಇದ್ದರು. ಸಾಗರದ ಸಾಮಿಲ್ಲಿನಲ್ಲಿ ಜೀವಮಾನ ಕಳೆದ ಮನುಷ್ಯ. ಅವರೆದುರು ಕುಡಿಯುವ ಮಾತೇ ಇರಲಿಲ್ಲ. ಅವರು ಮಲಗಿದ್ದಾರೆ ಅಂದುಕೊಂಡು ಒಂದು ರಾತ್ರಿ ಅಡುಗೆಮನೆ ಟೇಬಲ್ಲಿನಲ್ಲಿ ಕೂತಿದ್ದೆ. ನೀರಿಗೆ ಅಂತ ಎದ್ದು ಬಂದರು. ನನಗೆ ಗ್ಲಾಸು ಎಲ್ಲಿಡಬೇಕೋ ತಿಳಿಯಲಿಲ್ಲ. ಅವರು ಸೀದಾ ಬಂದು ಗ್ಲಾಸು ಎತ್ತಿ ಮೂಸಿದರು. ಇನ್ನೊಂದು ಸಲ ಮೂಸಿದರು.

‘ಇದು ಯಾವ ಮರ ಮಾರಾಯಾ?’ ಅಂದರು.

ಓಕ್ ಅಂದೆ.

‘ಒಳಗೆ ಸುಟ್ಟಿದ್ದಾರಾ?’

ಆಮೇಲೆ ರಾತ್ರಿ ಒಂದು ಗಂಟೆವರೆಗೆ ಮಾತು. ಬರ್ಬನ್ ಅನ್ನುವುದು ಅಮೆರಿಕದ ವಿಸ್ಕಿ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಕ್ಕೆಜೋಳ ಇರಲೇಬೇಕು, ಒಳಗೆ ಸುಟ್ಟ ಹೊಸ ಓಕಿನಲ್ಲೇ ಅದನ್ನು ಇಡಬೇಕು ಅಂತ ಕಾನೂನೇ ಇದೆ ಅಂತ ಹೇಳಿದೆ. ಪೀಪಾಯಿಯ ಒಳಗೋಡೆಗೆ ಬೆಂಕಿ ಕೊಡುವುದು ಒಂದು ನಿಮಿಷದ ಒಳಗಿನ ಕೆಲಸ. ಜೋರಾಗಿ ಸುಟ್ಟರೆ ಮರ ಮೊಸಳೆ ಚರ್ಮದ ಹಾಗೆ ಬಿರಿಯುತ್ತೆ. ಹಲಗೆಗಳಿಗೆ ಅಂಟಿಲ್ಲ, ಮೊಳೆ ಇಲ್ಲ, ಕಬ್ಬಿಣದ ಪಟ್ಟಿ ಬಿಗಿದು ನಿಲ್ಲಿಸುವುದು. ಕೆಂಪು ಓಕಿನ ಕಡ್ಡಿಯ ಒಂದು ತುದಿಗೆ ಊದಿದರೆ ಇನ್ನೊಂದು ತುದಿಯಲ್ಲಿ ಗಾಳಿ ಬರುತ್ತೆ, ಅದಕ್ಕೇ ಪೀಪಾಯಿಗೆ ಬಿಳಿ ಓಕ್ ಅಂದೆ. ‘ಹಾಗಾದರೆ ಬಿಳಿಯದರ ಚೇಗಿನಲ್ಲಿ ಕೊಳವೆ ಮುಚ್ಚಿಹೋಗಿರಬೇಕು’ ಅಂದರು. ಅದೇ ನಿಜ. ನಾನು ಓದಿ ತಿಳಿದುಕೊಂಡದ್ದನ್ನು ಅವರು ಕೂತಲ್ಲೇ ಹೇಳಿದರು.

ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ. ಊರಿನಿಂದ ಬರುವಾಗ ಹೊನ್ನೆ ಮರದ ಲೋಟ ತಂದಿದ್ದರು. ರಾತ್ರಿ ಅದರಲ್ಲಿ ನೀರು ಹಾಕಿಟ್ಟರೆ ಬೆಳಗ್ಗೆ ಚಹಾದ ಬಣ್ಣಕ್ಕೆ ತಿರುಗಿರುತ್ತೆ, ಅದನ್ನು ಕುಡಿಯುತ್ತಾರೆ. ಅವತ್ತು ಆ ಲೋಟವನ್ನು ತಂದು ನನ್ನ ಗ್ಲಾಸಿನ ಪಕ್ಕ ಇಟ್ಟರು. ‘ಇದರ ಸತ್ವ ದಿನ ಹೋದ ಹಾಗೆ ಇಳಿಯುತ್ತೆ, ನೀರಿಗೆ ಬಣ್ಣ ಬಿಡಲ್ಲ. ನಿನ್ನ ಪೀಪಾಯಿ ಎಷ್ಟು ಸಲ ಬರುತ್ತೆ?’

ಇದು ಪ್ರಶ್ನೆ! ಈ ಬಿಯರ್ ಹುಟ್ಟಿದ್ದೇ ಅದರ ಉತ್ತರದಲ್ಲಿ. ಬರ್ಬನ್ನಿಗೆ ಒಂದೇ ಸಲ. ಆಮೇಲೆ ಆ ಪೀಪಾಯಿ ಅವರಿಗೆ ಬೇಡ. ಆದರೆ ಮರದ ಸತ್ವ ಪೂರ್ತಿ ಮುಗಿದಿರಲ್ಲ, ಹಲಗೆ ಒಳಗೆ ವಿಸ್ಕಿಯೂ ಇಂಗಿರುತ್ತೆ. ಅವು ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗುತ್ತವೆ. ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ವಿಸ್ಕಿ ಹೆಚ್ಚಾಗಿ ಬೆಳೆಯುವುದೂ ಇಂಥ ಪೀಪಾಯಿಗಳಲ್ಲೇ. 1990ರ ದಶಕದಲ್ಲಿ ಶಿಕಾಗೊದ ಗೂಸ್ ಐಲ್ಯಾಂಡ್ ಬಿಯರ್ ಕಂಪನಿಯ ಗ್ರೆಗ್ ಹಾಲ್ ಬರ್ಬನ್ ಮಾಡುವ ಜಿಮ್ ಬೀಮ್‌ನವರಿಂದ ಆರು ಪೀಪಾಯಿ ತಂದು ಅದರಲ್ಲಿ ಇಂಪೀರಿಯಲ್ ಸ್ಟೌಟ್ ತುಂಬಿಟ್ಟರು. ಅದು ಲಂಡನ್ನಿನವರು ಹಿಂದೆ ರಷ್ಯಾದ ಅರಮನೆಗೆ ಕಳಿಸುತ್ತಿದ್ದ ಗಟ್ಟಿ ಕಪ್ಪು ಬಿಯರಿನ ಜಾತಿ. ಇಲ್ಲಿನ ಬೇಸಿಗೆಯ ಸೆಖೆಗೆ ಬಿಯರ್ ಹಿಗ್ಗಿ ಮರದೊಳಗೆ ಹೋಗುತ್ತೆ, ಚಳಿಗೆ ಕುಗ್ಗಿ ಹೊರಗೆ ಬರುತ್ತೆ. ಹೋಗಿ ಬಂದು ಮಾಡುತ್ತಾ ಒಂದು ವರ್ಷ ಹತ್ತಿರವಾಗುತ್ತೆ. ಯಾರೂ ಅದಕ್ಕೆ ವಿಸ್ಕಿ ಸುರಿಯಲ್ಲ. ಇದನ್ನೂ ಬಹಳ ಜನ ಕೇಳುತ್ತಾರೆ, ಅದಕ್ಕೇ ಹೇಳಿದೆ.

ಹೋಗುವ ಮೊದಲು ದೊಡ್ಡಪ್ಪ ಬೆರಳ ತುದಿ ಅದ್ದಿ ನಾಲಿಗೆಗೆ ಇಟ್ಟುಕೊಂಡರು. ಬಹಳ ಹೊತ್ತು ಸುಮ್ಮನಿದ್ದರು. ‘ಒಗರು ಚೆನ್ನಾಗಿದೆ’ ಅಂದರು. ‘ದೊಡ್ಡಮ್ಮನಿಗೆ ಹೇಳಬೇಡ.’

ಊರಿಗೆ ಹೋದ ಮೇಲೂ ಫೋನಿನಲ್ಲಿ ಕೇಳುತ್ತಲೇ ಇದ್ದರು, ಆ ಮರದ ಒಂದು ತುಂಡು ಸಿಗುತ್ತಾ ಅಂತ. ಸಿಕ್ಕಿತು. ಹಳೇ ಪೀಪಾಯಿಯ ಹಲಗೆ, ಒಂದು ಮೊಳ ಉದ್ದ, ಸ್ವಲ್ಪ ಬಾಗಿದೆ. ಒಂದು ಮಗ್ಗುಲು ಇದ್ದಿಲ ಹಾಗೆ ಕಪ್ಪು. ಅಂಚಿನಲ್ಲಿ ನೋಡಿದರೆ ವಿಸ್ಕಿ ಎಲ್ಲಿಯವರೆಗೆ ಇಂಗಿತ್ತು ಅನ್ನುವುದಕ್ಕೆ ಕೆಂಪು ಗೆರೆ ಇದೆ. ಮುಂದಿನ ವಾರ ಊರಿಗೆ ಹೊರಟಿದ್ದೇವೆ, ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಇಟ್ಟಿದ್ದೇನೆ. ವಾಸನೆ ಈಗಲೇ ಎಲ್ಲದಕ್ಕೂ ಹತ್ತಿದೆ. ಹೆಂಡತಿ ತನ್ನ ಸೀರೆಗಳನ್ನು ಬೇರೆ ಪೆಟ್ಟಿಗೆಗೆ ಹಾಕಿಕೊಂಡಳು.