ಹೆಡ್‌ಫೋನ್‌ಗೆ ಹೊಸ ಪ್ಯಾಡ್

ನನ್ನ ಓಪನ್-ಬ್ಯಾಕ್ (ಹಿಂಬದಿ ತೆರೆದಿರುವ) ಹೆಡ್‌ಫೋನ್‌ನ ಹಳೇ ಪ್ಯಾಡ್ ಬಿಚ್ಚಿ, ಇವತ್ತು ಮಖಮಲ್ಲಿನಂಥ ಬಟ್ಟೆಯ, ದಪ್ಪನೆಯ ವೆಲೂರ್ ಪ್ಯಾಡ್ ಹಾಕಿದೆ. ಹಳೆಯದು ಚಪ್ಪಟೆಯಾಗಿ, ಕಿವಿ ಒಳಗಡೆ ತಾಗಿ ಅರ್ಧ ಗಂಟೆಗೇ ನೋಯುತ್ತಿತ್ತು. ತಲೆಪಟ್ಟಿಯ ಬಿಗಿ ಸಡಿಲಾಗಲಿ ಅಂತ ಹೆಡ್‌ಫೋನನ್ನು ರಾತ್ರಿಯಿಡೀ ಪುಸ್ತಕಗಳ ಕಟ್ಟಿಗೆ ಸಿಕ್ಕಿಸಿಟ್ಟಿದ್ದೆ. ಈಗ ತಲೆ ಮೇಲೆ ಇದೆ ಅನ್ನೋದೇ ಮರೆತುಹೋಗುತ್ತದೆ.

ಸದ್ದೂ ಬದಲಾಗಿದೆ! ಡ್ರೈವರ್, ಅಂದರೆ ಸದ್ದು ಹೊರಡಿಸುವ ಭಾಗ, ಕಿವಿಯಿಂದ ಕೆಲವೇ ಮಿಲಿಮೀಟರ್ ದೂರ ಸರಿದಿದೆ, ಬಟ್ಟೆಯ ಮೂಲಕ ಗಾಳಿ ಜಾಸ್ತಿ ಸೋರುತ್ತದೆ. ಹಾಗಾಗಿ ಬೇಸ್ ತುಸು ತೆಳುವಾಯಿತು, ವಾದ್ಯಗಳು ಬಿಡಿಬಿಡಿಯಾಗಿ ಕೇಳಿಸುತ್ತಿವೆ. ನನಗೆ ಇದೇ ಇಷ್ಟ. ಡ್ರೈವರ್ ಮುಂದಿನ ಫೋಮ್ ತೆಗೆದೂ ನೋಡಿದೆ. 'ಸ' ಅಕ್ಷರ ಕಿವಿಗೆ ಚುಚ್ಚಿತು, ಮತ್ತೆ ಹಾಕಿದೆ.

ವರ್ಷಗಟ್ಟಲೆ ಕೇಳಿದ ಹಾಡೊಂದರಲ್ಲಿ, ಹಾಡುವವರು ಉಸಿರು ಎಳೆದುಕೊಳ್ಳುವುದು ಇವತ್ತು ಕೇಳಿಸಿತು. ಇಷ್ಟು ದಿನವೂ ಅದು ಅಲ್ಲೇ ಇತ್ತು, ಅಲ್ವಾ?