ಎತ್ತರ ಕೊನೆಗೆ ನೋಡಿ: ಕಾಪು, ಸಸಿಹಿತ್ಲಿನಲ್ಲಿ ಸ್ವೆಲ್ ಮತ್ತು ಗಾಳಿ ಅಂದಾಜಿಸುವ ಬಗೆ

ನಾಳೆ ಬೆಳಿಗ್ಗೆ ಸರ್ಫಿಂಗ್ ಬೋರ್ಡ್ ಹಿಡಿದು ಕಡಲಿಗೆ ಇಳಿಯಬಹುದೇ ಎಂದು ತಿಳಿಯಲು ನಮ್ಮ ಕಡೆಯ ಹೆಚ್ಚಿನ ಹುಡುಗರು ಆಪ್ ತೆರೆದು ಮೊದಲು ನೋಡುವುದು ಅಲೆಯ ಎತ್ತರ. ಒಂದು ಮೀಟರ್ ಇದ್ದರೆ ಹೊರಡುತ್ತಾರೆ, ಅರ್ಧ ಮೀಟರ್ ಇದ್ದರೆ ಮಲಗುತ್ತಾರೆ. ಕಾಪು, ಸಸಿಹಿತ್ಲು ಇರುವ ನಮ್ಮ ಮಂಗಳೂರು ಉಡುಪಿ ಕರಾವಳಿಯಲ್ಲಿ ಈ ಲೆಕ್ಕ ಮತ್ತೆ ಮತ್ತೆ ಕೈಕೊಡುತ್ತದೆ. ಎತ್ತರ ಎಂಬ ಅಂಕಿಯನ್ನು ಕೊನೆಗೆ ಓದಬೇಕು. ಮೊದಲು ಪಿರಿಯಡ್, ಆಮೇಲೆ ದಿಕ್ಕು, ಅದರ ನಂತರ ಗಾಳಿ, ಆಮೇಲೆ ಭರತ ಇಳಿತ. ಇವು ನಾಲ್ಕೂ ಕೂಡಿ ಬಂದ ದಿನ 0.7 ಮೀಟರ್ ಸ್ವೆಲ್ (ದೂರದ ಬಿರುಗಾಳಿ ಎಬ್ಬಿಸಿ ಕಳಿಸಿದ ಅಲೆ) ಸಹ ಉದ್ದಕ್ಕೆ ಓಡುವ ಒಳ್ಳೆಯ ಅಲೆ ಕೊಡುತ್ತದೆ.

ಎತ್ತರದ ಅಂಕಿ ದಾರಿ ತಪ್ಪಿಸುವುದು ಹೇಗೆಂದರೆ, ಆಪ್‌ನ ಮೊದಲ ಸಾಲಿನಲ್ಲಿ ಇರುವುದು ಸಾಮಾನ್ಯವಾಗಿ ಒಟ್ಟು ಎತ್ತರ. ದೂರದಿಂದ ಬಂದ ಸ್ವೆಲ್ ಮತ್ತು ಇಲ್ಲಿಯೇ ಗಾಳಿ ಎಬ್ಬಿಸಿದ ಅಲೆ ಎರಡೂ ಅದರಲ್ಲಿ ಸೇರಿರುತ್ತವೆ, ಅದೂ ನೇರ ಕೂಡಿಕೆಯಲ್ಲಿ ಅಲ್ಲ, ವರ್ಗಗಳ ಕೂಡಿಕೆಯಲ್ಲಿ. ಸ್ವೆಲ್ 0.6 ಮೀಟರ್, ಗಾಳಿಯ ಅಲೆ 1 ಮೀಟರ್ ಇದ್ದರೆ 0.36ಕ್ಕೆ 1 ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 1.2. ಆಪ್ ತೋರಿಸುವುದು ಈ 1.2. ಅದರಲ್ಲಿ ನಮಗೆ ಬೇಕಾದದ್ದು 0.6 ಮಾತ್ರ, ಉಳಿದದ್ದು ಆ 0.6ನ್ನು ಕೆಡಿಸುವ ಕಲಕು. ಆದ್ದರಿಂದ ಸ್ವೆಲ್ ಒಂದು, ಸ್ವೆಲ್ ಎರಡು, ಗಾಳಿ ಅಲೆ ಎಂದು ಬಿಡಿಸಿ ತೋರಿಸುವ ಪುಟವನ್ನೇ ತೆರೆಯಿರಿ. ವಿಂಡಿ ಎಂಬ ಹವಾಮಾನ ಆಪ್‌ನಲ್ಲಿ ಇದು ಬೇರೆ ಬೇರೆ ಪದರಗಳಾಗಿ ಸಿಗುತ್ತದೆ. ಇನ್ನೊಂದು ಮಾತು: ಈ ಎತ್ತರ ಎಲ್ಲ ಅಲೆಗಳದ್ದಲ್ಲ, ದೊಡ್ಡ ಮೂರನೇ ಒಂದು ಭಾಗದ ಸರಾಸರಿ. ಕೆಲವು ಗಂಟೆಗಳಲ್ಲಿ ಅದರ ಒಂದೂಮುಕ್ಕಾಲು ಪಟ್ಟು, ಎರಡು ಪಟ್ಟು ಎತ್ತರದ ಅಲೆಯೂ ಬಂದೇ ಬರುತ್ತದೆ.

ಈಗ ಪಿರಿಯಡ್. ಎರಡು ಅಲೆಗಳ ನಡುವೆ ಎಷ್ಟು ಸೆಕೆಂಡು ಎಂಬುದೇ ಪಿರಿಯಡ್. ಆಳ ಸಮುದ್ರದಲ್ಲಿ ಅಲೆಯ ಉದ್ದ ಬೇಕಿದ್ದರೆ ಈ ಸೆಕೆಂಡನ್ನು ವರ್ಗ ಮಾಡಿ 1.56ರಿಂದ ಗುಣಿಸಬೇಕು. 7 ಸೆಕೆಂಡಿನ ಅಲೆಗೆ ಸುಮಾರು 76 ಮೀಟರ್, 16 ಸೆಕೆಂಡಿನದಕ್ಕೆ ಸುಮಾರು 400 ಮೀಟರ್. ಉದ್ದದ ಅರ್ಧದಷ್ಟು ಆಳಕ್ಕೆ ಬಂದಾಗ ಅಲೆಗೆ ತಳ ತಾಗಲು ಶುರು. 7 ಸೆಕೆಂಡಿನದು 38 ಮೀಟರ್ ಆಳಕ್ಕೆ ಬರುವ ತನಕ ತಳ ಇದೆಯೆಂದೇ ಅರಿಯದೆ ನೇರ ಬರುತ್ತದೆ. 16 ಸೆಕೆಂಡಿನದು 200 ಮೀಟರ್ ಆಳದಲ್ಲಿ, ಅಂದರೆ ನಮ್ಮ ಖಂಡಾವರಣದ ಅಂಚಿನಲ್ಲೇ, ತಳ ಹಿಡಿದು ದಡದ ಕಡೆ ಬಾಗಲು ತೊಡಗುತ್ತದೆ. ಕಡಲಿಗೆ ಚಾಚಿದ ತುದಿಯ ಗುಂಟ ಅಲೆ ಮುರಿಯುವ ಪಾಯಿಂಟ್ ಬ್ರೇಕ್‌ಗೆ ಜೀವಾಳ ಈ ಬಾಗುವಿಕೆ. ಬಾಗದ ಅಲೆ ಬಂಡೆಯ ತುದಿಗೆ ಅಪ್ಪಳಿಸಿ ಅಲ್ಲಿಯೇ ಮುಗಿಯುತ್ತದೆ. ಬಾಗುವ ಅಲೆ ತುದಿಯನ್ನು ಸುತ್ತಿಕೊಂಡು ಒಳಗೆ ಬಂದು ಒಂದು ಮಗ್ಗುಲಿಂದ ಸಾಲಾಗಿ ಮುರಿಯುತ್ತದೆ.

ಎತ್ತರವೂ ಪಿರಿಯಡ್ ಮೇಲೆ ನಿಂತಿದೆ. ಆಳದಲ್ಲಿ 0.8 ಮೀಟರ್ ಇರುವ ಸ್ವೆಲ್ ದಡಕ್ಕೆ ನೇರ ಬಂದರೆ, 7 ಸೆಕೆಂಡಿನದಾದರೆ ಮುರಿಯುವಾಗ ಸುಮಾರು 1.1 ಮೀಟರ್, 16 ಸೆಕೆಂಡಿನದಾದರೆ ಸುಮಾರು 1.5 ಮೀಟರ್. ಆಪ್‌ನಲ್ಲಿ ಎರಡಕ್ಕೂ ಅದೇ 0.8. ಹತ್ತು ಸೆಕೆಂಡಿಗಿಂತ ಕಡಿಮೆ ಇದ್ದರೆ ಪಾಯಿಂಟ್ ಮರೆತು ಬಯಲು ಬೀಚ್ ನೋಡಿ. ಹನ್ನೆರಡಕ್ಕೆ ಬಂದರೆ ಪಾಯಿಂಟ್ ಕಡೆ ಗಮನ ಕೊಡಿ. ಹದಿನಾಲ್ಕು ದಾಟಿದರೆ ಅಲಾರಂ ಇಡಿ.

ದಿಕ್ಕಿನ ವಿಷಯಕ್ಕೆ ಬಂದರೆ, ಮಂಗಳೂರಿನಿಂದ ಮಲ್ಪೆಯವರೆಗಿನ ದಡ ನೇರ ಪಡುವಣಕ್ಕೆ ಮುಖ ಮಾಡಿಲ್ಲ. ಸ್ವಲ್ಪ ತೆಂಕಕ್ಕೆ ತಿರುಗಿ ಸುಮಾರು 255 ಡಿಗ್ರಿಗೆ (ಬಡಗು 0, ಮೂಡು 90, ತೆಂಕು 180, ಪಡು 270) ಮುಖ ಮಾಡಿದೆ. ದಕ್ಷಿಣ ಹಿಂದೂ ಮಹಾಸಾಗರದ ಸ್ವೆಲ್ ಬರುವುದು 195ರಿಂದ 220 ಡಿಗ್ರಿಯ ಕಡೆಯಿಂದ, ಅಂದರೆ ಓರೆಯಾಗಿ. ನಕ್ಷೆ ತೆರೆದು ಮಂಗಳೂರಿನಿಂದ ತೆಂಕಕ್ಕೆ ಗೆರೆ ಎಳೆದು ನೋಡಿ: ಮಾಲ್ಡೀವ್ಸ್ ದ್ವೀಪಸಾಲು ಸುಮಾರು 187ರಿಂದ 197 ಡಿಗ್ರಿಯ ನಡುವೆ ಅಡ್ಡ ನಿಂತಿದೆ. ಹಾಗಾಗಿ 190 ಡಿಗ್ರಿಯ ಸ್ವೆಲ್ ಮತ್ತು 210 ಡಿಗ್ರಿಯ ಸ್ವೆಲ್ ಪರದೆಯ ಮೇಲೆ ಒಂದೇ ಎತ್ತರ ತೋರಿಸಿದರೂ ನಾವು 210ನ್ನೇ ನಂಬುತ್ತೇವೆ. ಅದು ದ್ವೀಪಗಳ ಪಡುಬದಿಯ ತೆರೆದ ನೀರಿನಲ್ಲಿ ಬರುತ್ತದೆ, ದಡಕ್ಕೆ ಬಾಗಬೇಕಾದ ಕೋನವೂ ಕಡಿಮೆ, ಬಾಗುವಾಗ ಕಳೆದುಕೊಳ್ಳುವ ಶಕ್ತಿಯೂ ಕಡಿಮೆ. ಹೊಸಬರು ಎಡವುವ ಜಾಗ ಇಲ್ಲೊಂದಿದೆ. ಡಿಗ್ರಿಯ ಅಂಕಿ ಹೇಳುವುದು ಅಲೆ ಎಲ್ಲಿಂದ ಬರುತ್ತದೆ ಎಂದು, ಬಾಣದ ಗುರುತು ತೋರಿಸುವುದು ಎತ್ತ ಹೋಗುತ್ತದೆ ಎಂದು. ಗಾಳಿಗೂ ಇದೇ ಕ್ರಮ. ಒಂದನ್ನು ಇನ್ನೊಂದೆಂದು ಓದಿದರೆ ದಡದಿಂದ ಕಡಲಿಗೆ ಬೀಸುವ ಆಫ್‌ಶೋರ್ ಗಾಳಿ ಕಡಲಿಂದ ದಡಕ್ಕೆ ಬೀಸುವ ಆನ್‌ಶೋರ್ ಆಗಿಬಿಡುತ್ತದೆ.

ನಮ್ಮದು ಮರಳು ದಡ. ಪುಸ್ತಕದ ಚಿತ್ರದಂಥ ಪಾಯಿಂಟ್ ಇಲ್ಲಿ ವಿರಳ. ಪಾಯಿಂಟ್‌ನಂತೆ ವರ್ತಿಸುವವು ಮೂರು ಬಗೆ: 1901ರ ದೀಪಸ್ತಂಭ ನಿಂತಿರುವ ಕಾಪುವಿನಂಥ ಬಂಡೆ, ಬಂದರು ಮತ್ತು ಅಳಿವೆ ಬಾಗಿಲುಗಳ ಬ್ರೇಕ್‌ವಾಟರ್ ಎಂಬ ಕಲ್ಲಿನ ತಡೆಗೋಡೆ, ಮತ್ತು ಶಾಂಭವಿ ನಂದಿನಿ ಕೂಡಿ ಕಡಲು ಸೇರುವ ಸಸಿಹಿತ್ಲಿನ ಮರಳದಿಣ್ಣೆ. ತೆಂಕಣ ಸ್ವೆಲ್ ಬಂದರೆ ಅಲೆ ಬಡಗಕ್ಕೆ ಓಡುತ್ತದೆ. ದಡಕ್ಕೆ ಮುಖ ಮಾಡಿ ಸವಾರಿ ಮಾಡುವವನಿಗೆ ಅದು ಲೆಫ್ಟ್. ನವೆಂಬರಿನಿಂದ ಫೆಬ್ರವರಿವರೆಗೆ ಕೆಲವೊಮ್ಮೆ ಪರ್ಷಿಯನ್ ಕೊಲ್ಲಿ ಕಡೆಯ ಶಮಾಲ್ ಗಾಳಿಯಿಂದ ವಾಯುವ್ಯದ ಸ್ವೆಲ್ ಬರುತ್ತದೆ, ಅದು ತೆಂಕಕ್ಕೆ ಓಡುವ ರೈಟ್. ಅದರ ಪಿರಿಯಡ್ ಚಿಕ್ಕದು, ಆರರಿಂದ ಎಂಟು ಸೆಕೆಂಡು, ಆದ್ದರಿಂದ ಬಂಡೆಯನ್ನು ಸುತ್ತುವುದು ಕಡಿಮೆ. ಮಲ್ಪೆಯಲ್ಲಾದರೆ ವಾಯುವ್ಯದಿಂದ ಬರುವ ಅಲೆಗೆ ಸೇಂಟ್ ಮೇರಿಸ್ ದ್ವೀಪಗಳೂ ಅಡ್ಡ.

ಬ್ರೇಕ್‌ವಾಟರ್ ಎಂಬುದನ್ನು ಎರಡು ಮಗ್ಗುಲಿನ ಜಾಗವಾಗಿ ನೋಡಬೇಕು. ತೆಂಕಣ ಸ್ವೆಲ್ ಇರುವಾಗ ಗೋಡೆಯ ತೆಂಕು ಮಗ್ಗುಲಲ್ಲಿ ಅಲೆ ಕಲ್ಲಿಗೆ ಬಡಿದು ಹಿಮ್ಮರಳಿ, ಮುಂದಿನ ಅಲೆಯೊಂದಿಗೆ ಕೂಡಿ ಮೊನಚಾದ ಶಿಖರ ಎಬ್ಬಿಸುತ್ತದೆ. ಅಲೆ ಒಳ್ಳೆಯದೇ, ಆದರೆ ಗೋಡೆಗುಂಟ ಹೊರಕ್ಕೆ ಎಳೆಯುವ ನೀರಿನ ಸೆಳೆತ, ಅಂದರೆ ರಿಪ್, ಇರುತ್ತದೆ, ಕಲ್ಲು ಹತ್ತಿರವೇ ಇರುತ್ತದೆ. ಬಡಗು ಮಗ್ಗುಲು ನೆರಳಿನಲ್ಲಿರುತ್ತದೆ, ಉದ್ದ ಪಿರಿಯಡ್‌ನ ಅಲೆ ಮಾತ್ರ ಸುತ್ತಿ ಒಳಬರುತ್ತದೆ, ಚಿಕ್ಕದಾಗಿ ಆದರೆ ಅಚ್ಚುಕಟ್ಟಾಗಿ. ಮಧ್ಯಾಹ್ನದ ವಾಯುವ್ಯ ಗಾಳಿಗೆ ಲೆಕ್ಕ ತಿರುವುಮುರುವು. ಗೋಡೆ ಗಾಳಿಯನ್ನು ತಡೆಯುವಷ್ಟು ಎತ್ತರ ಇಲ್ಲ, ಆದರೆ ಆ ಗಾಳಿ ಎಬ್ಬಿಸಿದ ಚಿಕ್ಕ ಅಲೆಗಳನ್ನು ತಡೆಯುತ್ತದೆ. ಬೀಚ್ ಎಲ್ಲ ಕೆಟ್ಟ ಮೇಲೂ ತೆಂಕು ಮಗ್ಗುಲು ಇನ್ನೊಂದು ಗಂಟೆ ಆಡುವಂತಿರುವುದು ಈ ಕಾರಣಕ್ಕೆ.

ಮಾರ್ಚ್‌ನಿಂದ ಮೇ ತನಕದ ಒಳ್ಳೆಯ ಸ್ವೆಲ್ ಹುಟ್ಟುವುದು ನಮ್ಮಿಂದ ಸುಮಾರು 6000 ಕಿ.ಮೀ. ತೆಂಕಣಕ್ಕೆ, 40 ಡಿಗ್ರಿ ದಕ್ಷಿಣ ಅಕ್ಷಾಂಶದ ಆಸುಪಾಸಿನ ಬಿರುಗಾಳಿಗಳಲ್ಲಿ. ಅದು ಯಾವಾಗ ತಲುಪುತ್ತದೆಂದು ಕೈಲೆಕ್ಕದಲ್ಲೇ ತಿಳಿಯಬಹುದು: ಪಿರಿಯಡನ್ನು 2.8ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿ.ಮೀ. ವೇಗ ಎಂದು ಸಿಗುತ್ತದೆ. 16 ಸೆಕೆಂಡಿನದು ಗಂಟೆಗೆ 45 ಕಿ.ಮೀ., ಅಂದರೆ ಐದೂವರೆ ದಿನ. ಉದ್ದ ಪಿರಿಯಡ್ ಮುಂದೆ ಓಡುತ್ತದೆ. 19 ಸೆಕೆಂಡಿನ ಅಲೆಗಳು ಸುಮಾರು 112 ಗಂಟೆಗೆ ಬಂದರೆ ಅದೇ ಬಿರುಗಾಳಿಯ 15 ಸೆಕೆಂಡಿನವು 142 ಗಂಟೆಗೆ, ಮೂವತ್ತು ಗಂಟೆ ತಡವಾಗಿ. ಮೊದಲ ದಿನ 0.3 ಮೀಟರ್, 19 ಸೆಕೆಂಡು ಎಂದು ಕಂಡರೆ ಅದು ಮುನ್ಸೂಚನೆ. ಸೆಟ್‌ಗಳ (ಒಟ್ಟಿಗೆ ಬರುವ ದೊಡ್ಡ ಅಲೆಗಳ ಗುಂಪುಗಳ) ನಡುವೆ ಹದಿನೈದು ಇಪ್ಪತ್ತು ನಿಮಿಷ ಕಡಲು ಸುಮ್ಮನಿರುತ್ತದೆ, ಏನೂ ಇಲ್ಲವೆಂದು ಜನ ಹಿಂದಿರುಗುತ್ತಾರೆ. ಪಿರಿಯಡ್ ಇಳಿಯುತ್ತ ಎತ್ತರ ಏರುವ ಮರುದಿನವೇ ನಿಜವಾದ ದಿನ. ಪಿರಿಯಡ್ ಇಳಿಯಿತೆಂದು ಸ್ವೆಲ್ ಸತ್ತಿತು ಅಂದುಕೊಳ್ಳಬೇಡಿ. ಐದು ದಿನ ಮೊದಲಿನ ಮುನ್ಸೂಚನೆಯಲ್ಲಿ ಅರ್ಧ ದಿನದ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಆದ್ದರಿಂದ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಅಲೆ ಮಾಪಕ ಬೋಯಾಗಳನ್ನೂ ನೋಡಿ. ಕೋಝಿಕ್ಕೋಡ್‌ನಲ್ಲಿ ಪಿರಿಯಡ್ ಜಿಗಿದರೆ ತೆಂಕಣ ಸ್ವೆಲ್ ನಮ್ಮಲ್ಲಿಗೆ ಮುಟ್ಟಲು ಇನ್ನು ಸುಮಾರು ಮೂರು ಗಂಟೆ. ಅದೇ ಸಂಸ್ಥೆ ಸ್ವೆಲ್ ಉಕ್ಕುವ ಎಚ್ಚರಿಕೆ ಕೊಟ್ಟಿದ್ದರೆ, ಬಿಸಿಲು ಕಾಯುತ್ತಿದ್ದರೂ ಗಾಳಿ ಇಲ್ಲದಿದ್ದರೂ ನೀರು ದಡ ಹತ್ತುತ್ತದೆ. ಚಪ್ಪಲಿ, ಬಟ್ಟೆ, ಸ್ಕೂಟರ್ ಎಲ್ಲವನ್ನೂ ದಡದಿಂದ ಮೇಲಿನ ಎತ್ತರದ ಜಾಗದಲ್ಲಿ ಇಡಿ.

ಅರಬ್ಬಿ ಸಮುದ್ರದ ಚಂಡಮಾರುತದ ಸ್ವೆಲ್ ಬೇರೆ ಜಾತಿ. 2021ರ ಮೇಯ ತೌಕ್ತೆ, 2023ರ ಜೂನ್‌ನ ಬಿಪರ್‌ಜಾಯ್ ಅಂಥವು. ಹತ್ತಿರದಲ್ಲೇ ಹುಟ್ಟುವುದರಿಂದ ಒಂದೆರಡು ದಿನದಲ್ಲಿ ತಲುಪುತ್ತದೆ, ಪಿರಿಯಡ್ ಮಧ್ಯಮ, ಗಾಳಿ ಅಲೆಯೊಂದಿಗೆ ಕಲಸಿಕೊಂಡಿರುತ್ತದೆ. ಅದನ್ನು ಪಾಯಿಂಟ್‌ಗೆ ನೆಚ್ಚಲಾಗದು.

ಗಾಳಿ ನಮ್ಮಲ್ಲಿ ಗಡಿಯಾರ ನೋಡಿ ಬೀಸುತ್ತದೆ. ರಾತ್ರಿ ನೆಲ ತಣಿದ ಮೇಲೆ ಮೂಡಣ ಗಾಳಿ, ಬೆಳಿಗ್ಗೆ ಒಂಬತ್ತರವರೆಗೆ. ಹತ್ತರ ಹೊತ್ತಿಗೆ ನಿಶ್ಚಲ. ಹನ್ನೊಂದಕ್ಕೆ ವಾಯುವ್ಯದಿಂದ ಪಡ್ಡಾಯಿ (ಪಡುವಣ ಕಡಲ) ಗಾಳಿ ಶುರುವಾಗಿ ಮೂರಕ್ಕೆ ಉಚ್ಛ್ರಾಯ. 255ಕ್ಕೆ ಮುಖ ಮಾಡಿದ ದಡಕ್ಕೆ ನೇರ ಆಫ್‌ಶೋರ್ ಎಂದರೆ 75 ಡಿಗ್ರಿ. ಐದು ನಾಟ್ಸ್‌ಗಿಂತ (ಗಂಟೆಗೆ ಸುಮಾರು ಒಂಬತ್ತು ಕಿ.ಮೀ.) ಕಡಿಮೆ ಇದ್ದರೆ ಯಾವ ದಿಕ್ಕಾದರೂ ತೊಂದರೆ ಇಲ್ಲ. ಐದರಿಂದ ಹನ್ನೆರಡರ ಮೂಡಣ ಗಾಳಿ ಅಲೆಯ ಮುಖವನ್ನು ನಿಲ್ಲಿಸಿ ನುಣುಪು ಮಾಡುತ್ತದೆ. ಅದಕ್ಕಿಂತ ಜೋರಾದರೆ ಬೋರ್ಡ್ ಅಲೆಯ ತಲೆ ಮೇಲೆಯೇ ಸಿಕ್ಕಿಕೊಳ್ಳುತ್ತದೆ, ಇಳಿಯಲು ಬಿಡುವುದಿಲ್ಲ. ಆನ್‌ಶೋರ್ ಹತ್ತು ನಾಟ್ಸ್ ದಾಟಿದರೆ ಆ ದಿನದ ಆಟ ಮುಗಿಯಿತು.

ಬೆಳಗಿನ ಈ ನೆಲಗಾಳಿಯ ಬಗ್ಗೆ ಆಪ್‌ಗಳನ್ನು ಪೂರ್ತಿ ನಂಬಲಾಗದು. ಜಿಎಫ್‌ಎಸ್, ಇಸಿಎಂಡಬ್ಲ್ಯುಎಫ್ ಎಂಬ ಹವಾಮಾನ ಲೆಕ್ಕದ ಮಾದರಿಗಳು ನಕ್ಷೆಯನ್ನು ಹಂಚುವ ಒಂದು ಚೌಕ ಒಂಬತ್ತು ಹತ್ತು ಕಿ.ಮೀ. ಇಲ್ಲವೇ ಇನ್ನೂ ಅಗಲ. ದಡದ ಚೌಕದಲ್ಲಿ ಅರ್ಧ ನೆಲ, ಅರ್ಧ ನೀರು, ಎರಡರ ಸರಾಸರಿ. ಆಪ್ 'ವಾಯುವ್ಯ 3 ನಾಟ್ಸ್' ಎಂದಾಗ ತೋಟದ ಅಂಚಿನಲ್ಲಿ ತೆಂಗಿನ ಗರಿ ಕಡಲ ಕಡೆ ವಾಲುತ್ತಿರುತ್ತದೆ. ಡಿಸೆಂಬರ್ ಜನವರಿಯಲ್ಲಿ ಆಕಾಶ ತಿಳಿಯಾಗಿ ಇರುಳು ತಣ್ಣಗಿರುವಾಗ ನೆಲಗಾಳಿ ಗಟ್ಟಿ. ಮೇಯಲ್ಲಿ ಮೋಡ ಕವಿದು ಸೆಕೆ ಬಿಡದ ರಾತ್ರಿಯಾದರೆ ಬೆಳಿಗ್ಗೆ ನಿಶ್ಚಲ ಅಷ್ಟೇ, ಕಡಲಗಾಳಿಯೂ ಬೇಗ ಶುರು. ಏಪ್ರಿಲ್ ಮೇ ಸಂಜೆಗಳಲ್ಲಿ ಘಟ್ಟದ ಮೇಲೆ ಗುಡುಗು ಮೋಡ ಕಟ್ಟಿದಾಗ ಒಮ್ಮೆಲೇ ಮೂಡಣದಿಂದ ತಣ್ಣನೆ ಗಾಳಿ ನುಗ್ಗಿ ಅಲೆ ಚೆಂದ ಕಾಣುತ್ತದೆ. ಆಗ ಇಳಿಯಬೇಡಿ, ಹಿಂದೆಯೇ ಸಿಡಿಲು ಬರುತ್ತದೆ.

ಪತ್ತನಾಜೆ (ಮೇ ಕೊನೆಯ ಹೊತ್ತಿನ ತುಳುವರ ಆಚರಣೆ) ಕಳೆದ ಮೇಲೆ ಈ ಗಡಿಯಾರ ನಿಲ್ಲುತ್ತದೆ. ಸಸಿಹಿತ್ಲಿನಲ್ಲಿ 2016ರ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದು ಮೇ ಕೊನೆಯಲ್ಲಿ. ಸ್ವೆಲ್ ಬೆಳೆದಿರುತ್ತದೆ, ಮಳೆಗಾಳಿ ಇನ್ನೂ ಕೂತಿರುವುದಿಲ್ಲ ಎಂಬ ಸಣ್ಣ ಕಿಂಡಿ ಅದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ನಮಗೂ ಪಾಯಿಂಟ್ ಆ ಕಾಲದಲ್ಲಿ ಮುಚ್ಚಿದ ಹಾಗೆಯೇ. ಎರಡು ಮೂರು ಮೀಟರ್ ಅಲೆ, ಎಂಟು ಹತ್ತು ಸೆಕೆಂಡು, ಹಗಲಿರುಳು ಆನ್‌ಶೋರ್, ಬರೀ ಕ್ಲೋಸ್‌ಔಟ್, ಅಂದರೆ ಉದ್ದಕ್ಕೂ ಒಮ್ಮೆಲೇ ಬೀಳುವ ಅಲೆ. ನೂಲ ಹುಣ್ಣಿಮೆಯ ಸಮುದ್ರಪೂಜೆ ಆದ ಮೇಲೆ ಮಳೆಯ ಬಿಡುವುಗಳನ್ನು ಗಮನಿಸಿ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಮಳೆಗಾಲ ಕೂಡಿಸಿಟ್ಟ ಹೊಸ ದಿಣ್ಣೆಗಳಿರುತ್ತವೆ, ಗಾಳಿ ಇಳಿದಿರುತ್ತದೆ. ಹಳೆಯ ವರ್ಷದ ದಿಣ್ಣೆ ಅದೇ ಜಾಗದಲ್ಲಿದೆ ಎಂದು ಮಾತ್ರ ನಂಬಬೇಡಿ.

ಭರತ ಇಳಿತದ ಅಂತರ ನಮ್ಮಲ್ಲಿ ದೊಡ್ಡದಲ್ಲ, ಅಮಾವಾಸ್ಯೆ ಹುಣ್ಣಿಮೆಗೆ ಒಂದೂವರೆ ಮೀಟರ್ ಆಸುಪಾಸು, ದಿನದ ಎರಡು ಭರತಗಳೂ ಒಂದೇ ಮಟ್ಟದವಲ್ಲ. ಆದರೆ ಒಂದು ಮೀಟರ್ ಅಲೆ ಮುರಿಯುವುದೇ ಸುಮಾರು 1.3 ಮೀಟರ್ ಆಳದಲ್ಲಿ, ಹಾಗಾಗಿ ಈ ಅಂತರ ಸಾಕಷ್ಟಾಯಿತು. ಪೂರ್ತಿ ಇಳಿತದಲ್ಲಿ ಕಾಪುವಿನ ಬಂಡೆ ಮೇಲೇಳುತ್ತದೆ, ಪೂರ್ತಿ ಭರತದಲ್ಲಿ ಚಿಕ್ಕ ಸ್ವೆಲ್ ದಿಣ್ಣೆಯ ಮೇಲೆ ಮುರಿಯದೆ ದಾಟಿ ದಡದಲ್ಲೇ ಬೀಳುತ್ತದೆ. ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೊಳೆ ನೀರು ಹೊರನುಗ್ಗಿ ಬರುವ ಅಲೆಗೆ ಎದುರಾಗುತ್ತದೆ. ಅಲೆ ಕಡಿದಾಗಿ ನಿಲ್ಲುತ್ತದೆ, ನೋಡಲು ಸೊಗಸು, ಆದರೆ ನಿಮ್ಮನ್ನೂ ಅದೇ ನೀರು ಹೊರಗೆ ಒಯ್ಯುತ್ತದೆ. ಸಸಿಹಿತ್ಲಿಗೆ ಏರುವ ಭರತದ ನಡುಹೊತ್ತೇ ಸರಿ.

ಏಪ್ರಿಲ್ ಕೊನೆಯ ಒಂದು ಸಂಜೆ ಪರದೆಯ ಮೇಲೆ ಹೀಗಿದೆ ಎನ್ನೋಣ: ಒಟ್ಟು 1.0 ಮೀಟರ್. ಮೊದಲ ಸ್ವೆಲ್ 0.9 ಮೀಟರ್, 15 ಸೆಕೆಂಡು, 212 ಡಿಗ್ರಿ. ಗಾಳಿ ಅಲೆ 0.5 ಮೀಟರ್, 6 ಸೆಕೆಂಡು, 300 ಡಿಗ್ರಿ. ನಾಳೆಯ ಗಾಳಿ ಬೆಳಿಗ್ಗೆ ಆರಕ್ಕೆ ಮೂಡಣ 4 ನಾಟ್ಸ್, ಮಧ್ಯಾಹ್ನ ವಾಯುವ್ಯ 9, ಮೂರಕ್ಕೆ 14. ಇಳಿತ 7:10ಕ್ಕೆ. 212 ಎಂದರೆ ಮಾಲ್ಡೀವ್ಸ್ ಅಡ್ಡಿ ಇಲ್ಲ. ಓರೆಯಾಗಿ ಬಂದು ಕಳೆದುಕೊಳ್ಳುವುದನ್ನು ಹಿಡಿದರೂ ಮುರಿಯುವಾಗ ಒಂದೂಕಾಲರಿಂದ ಒಂದೂವರೆ ಮೀಟರ್, ಎದೆಯಿಂದ ತಲೆ ಮಟ್ಟ. 6 ಸೆಕೆಂಡಿನ ಕಲಕು ಸಂಜೆಯ ಗಾಳಿಯದು, ರಾತ್ರಿ ನೆಲಗಾಳಿಗೆ ಮುಕ್ಕಾಲು ಪಾಲು ಅಡಗುತ್ತದೆ. ಆರೂಕಾಲಕ್ಕೆ ಕಾಪು ತಲುಪಿ ಬಂಡೆಗಳು ಎಲ್ಲಿವೆ ಎಂದು ಇಳಿತದಲ್ಲೇ ಗುರುತು ಮಾಡಿಕೊಂಡು, ನೀರು ಏರತೊಡಗಿದ ಮೇಲೆ ಎಂಟರ ಹೊತ್ತಿಗೆ ಇಳಿದು ಹತ್ತೂವರೆಗೆ ಮೇಲೆ ಬನ್ನಿ.

ಇಳಿಯುವ ಮೊದಲು ದಡದಲ್ಲಿ ಇಪ್ಪತ್ತು ನಿಮಿಷ ನಿಲ್ಲಿ. ಉದ್ದ ಪಿರಿಯಡ್‌ನ ದಿನ ಅದಕ್ಕಿಂತ ಕಡಿಮೆ ನಿಂತರೆ ದೊಡ್ಡ ಸೆಟ್ ಕಣ್ಣಿಗೆ ಬೀಳುವುದಿಲ್ಲ. ಬಂಡೆಯ ತುದಿಯಂಥ ಒಂದು ಜಾಗ ಹಿಡಿದು, ಒಂದು ಅಲೆಯ ನೆತ್ತಿ ದಾಟಿದಾಗ ಗಡಿಯಾರ ಒತ್ತಿ, ಹನ್ನೊಂದನೆಯ ನೆತ್ತಿಗೆ ನಿಲ್ಲಿಸಿ ಹತ್ತರಿಂದ ಭಾಗಿಸಿ. ಆಪ್ 15 ಎಂದಾಗ ಕೈಗೆ 9 ಬಂದರೆ ಸ್ವೆಲ್ ಇನ್ನೂ ತಲುಪಿಲ್ಲ, ಅಥವಾ ನೀವು ಎಣಿಸುತ್ತಿರುವುದು ಕಲಕನ್ನು. ಸೆಟ್‌ನಲ್ಲಿ ಎಷ್ಟು ಅಲೆ, ಎರಡು ಸೆಟ್‌ಗಳ ನಡುವೆ ಎಷ್ಟು ನಿಮಿಷ ಎಂದು ನೋಡಿಕೊಂಡರೆ ಯಾವಾಗ ಹುಟ್ಟು ಹಾಕಬೇಕೆಂದು ತಿಳಿಯುತ್ತದೆ. ಲಂಗರು ಹಾಕಿದ ನಾಡದೋಣಿಯ ಮೂತಿ ಎತ್ತ ತಿರುಗಿದೆ ನೋಡಿ. ಗಾಳಿ ಇಲ್ಲದೆಯೂ ಅದು ತೆಂಕಕ್ಕೆ ಮುಖ ಮಾಡಿದ್ದರೆ ನೀರಿನ ಸೆಳೆತ ಬಡಗಕ್ಕೆ, ಲೈನ್‌ಅಪ್‌ನಲ್ಲಿ, ಅಂದರೆ ಅಲೆಗೆ ಕಾಯುವ ಜಾಗದಲ್ಲಿ, ನಿಲ್ಲಲು ಇಡೀ ಹೊತ್ತು ತೆಂಕಕ್ಕೆ ಹುಟ್ಟು ಹಾಕಬೇಕಾಗುತ್ತದೆ. ಮೊಗವೀರ ಹಿರಿಯರು ಯಾರಾದರೂ ಬಲೆ ಬಿಡಿಸುತ್ತಿದ್ದರೆ ರಾತ್ರಿ ನೀರು ಎತ್ತ ಎಳೆಯುತ್ತಿತ್ತು ಎಂದು ಕೇಳಿ. ಅಳಿವೆಯಲ್ಲಿ ಕೆಂಪು ನೀರಿನ ಗೆರೆ, ತೇಲುವ ಮರದ ದಿಮ್ಮಿ, ತೆಂಗಿನ ಗರಿ ಕಂಡರೆ ಮೇಲೆ ಘಟ್ಟದಲ್ಲಿ ಮಳೆಯಾಗಿದೆ ಎಂದರ್ಥ. ಭರತ ಏರುತ್ತಿದ್ದರೂ ಮೇಲ್ನೀರು ಹೊರಗೇ ಓಡುತ್ತಿರುತ್ತದೆ. ಅಂಥ ದಿನ ಸಸಿಹಿತ್ಲು ಬಿಟ್ಟು ಕಾಪು ಕಡೆ ಹೋಗಿ.