ಆ ಕೋಲಿಗೆ ಅಷ್ಟು ದುಡ್ಡು ಕೊಟ್ಯಲ್ಲ, ಆಟ ಚೆನ್ನಾಗಾಯ್ತಾ?

ಮೈಸೂರಿಗೆ ಹೋದಾಗ ಭಾವ ಕೇಳಿದ್ರು, ಇಲ್ಲಿ ಒಹಾಯೋದಲ್ಲಿ ಮಂಗಳವಾರದ ಲೀಗ್‌ನಲ್ಲಿ ಎದುರಿಗೆ ಆಡೋರು ಕೇಳ್ತಾರೆ, ಆಫೀಸಲ್ಲಿ ಪಕ್ಕದ ಸೀಟಿನ ಧಾರವಾಡದ ಹುಡುಗನೂ ಕೇಳ್ದ. ಕೈಯಲ್ಲಿ ಮಾಡಿಸಿದ ಪೂಲ್ ಕ್ಯೂ, ಅಂದ್ರೆ ಬಿಲಿಯರ್ಡ್ಸ್ ತರದ ಪೂಲ್ ಆಟದಲ್ಲಿ ಬಾಲ್ ಹೊಡ್ಯೋ ಕೋಲು, 1400 ಡಾಲರ್, 14 ತಿಂಗಳು ಕಾದಿದ್ದು, ಇಷ್ಟಾದ್ಮೇಲೆ ಆಟ ಇಂಪ್ರೂವ್ ಆಯ್ತಾ? ಅಮ್ಮಂದು ಇನ್ನೂ ನೇರ. "ಲಕ್ಷದ ಮೇಲೆ ಕೊಟ್ಯೇನೋ, ಒಂದು ಕೋಲಿಗೆ?"

ಇಲ್ಲ, ಆಗ್ಲಿಲ್ಲ. ನಿಜ ಹೇಳ್ಬೇಕು ಅಂದ್ರೆ ಮೊದಲ ಎರಡು ತಿಂಗಳು ಆಟ ಕೆಟ್ಟೇ ಹೋಯ್ತು.

ಯಾಕೆ ಅಂದ್ರೆ, ಬಿಳಿ ಬಾಲ್‌ನ ನಟ್ಟನಡುವೆ ಹೊಡೀದೆ ಬಲಕ್ಕೆ ಹೊಡುದ್ರೆ ಅದು ಕ್ಯೂ ತೋರ್ಸಿದ ಕಡೆ ನೇರ ಹೋಗಲ್ಲ, ಒಂಚೂರು ಎಡಕ್ಕೆ ಜಾರತ್ತೆ. (ಹಿಂಗೆ ಪಕ್ಕಕ್ಕೆ ಹೊಡುದ್ರೆ ಬಾಲ್‌ಗೆ ಬರೋ ಸ್ಪಿನ್‌ಗೆ ನಮ್ಮ ಕಡೆ ಕ್ಲಬ್ಬುಗಳಲ್ಲಿ ಸೈಡ್ ಅಂತೀವಿ, ಅಮೆರಿಕದೋರು ಇಂಗ್ಲಿಷ್ ಅಂತಾರೆ, ನಾನು ಬಂದ ಹೊಸತರಲ್ಲಿ "ಸ್ವಲ್ಪ ಇಂಗ್ಲಿಷ್ ಹಾಕು" ಅಂದಾಗ ನನ್ನ ಭಾಷೆ ಬಗ್ಗೆ ಆಡ್ಕೋತಿದಾರೆ ಅಂದ್ಕೊಂಡಿದ್ದೆ.) ಎಷ್ಟು ಜಾರತ್ತೆ ಅನ್ನೋದು ಶಾಫ್ಟ್‌ನ (ಕ್ಯೂದ ಮುಂದಿನ ಅರ್ಧ) ಮುಂತುದಿ ಎಷ್ಟು ಭಾರ ಅನ್ನೋದರ ಮೇಲೆ. ನನ್ನ ಹಳೇ ಫ್ಯಾಕ್ಟರಿ ಕ್ಯೂದು ಹಗುರ ಶಾಫ್ಟು, ಕಮ್ಮಿ ಜಾರ್ತಿತ್ತು. ಹೊಸದು ಗಟ್ಟಿ ಮೇಪಲ್, ಹಳೇ ಕಾಲದ 13 ಮಿಲಿಮೀಟರ್ ತುದಿ. ವರ್ಷಗಟ್ಟಲೆ ಕಣ್ಣಿಗೆ ಕೂತಿದ್ದ ಲೆಕ್ಕ ಎಲ್ಲ ತಪ್ಪೋಯ್ತು, ಸುಲಭದ ಬಾಲ್‌ಗಳು ಪಾಕೆಟ್ ಬಾಯಿಗೆ ಬಡ್ದು ವಾಪಸ್ ಬರ್ತಿದ್ವು, ಟೀಮಿನೋರು ಏನೂ ಅನ್ಲಿಲ್ಲ, ಅದೇ ಜಾಸ್ತಿ ನೋವಾಗಿದ್ದು.

ಕ್ಯೂ ತುದಿಯ ಚರ್ಮದ ಟಿಪ್ ಬಾಲನ್ನ ಮುಟ್ಟೋದು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ಹಿಂದುಗಡೆ ಕರಿಮರ ಇದೆಯೋ ಬೇವಿನ ಮರ ಇದೆಯೋ ಬಾಲ್‌ಗೆ ಏನ್ ಗೊತ್ತಾಗತ್ತೆ? ಆಟ ಇರೋದು ಚರ್ಮದ ಟಿಪ್ಪಲ್ಲಿ, ಶಾಫ್ಟಿನ ಮುಂದಿನ ಒಂದಡಿಯಲ್ಲಿ. ದುಡ್ಡು ಹೋಗೋದು ಹಿಂದಿನ ಅರ್ಧಕ್ಕೆ.

ಹಂಗಾದ್ರೆ ದುಡ್ಡು ಯಾತಕ್ಕೆ ಕೊಟ್ಟೆ? ಮಾಡಿಕೊಟ್ಟ ಯಜಮಾನ್ರು ತಮ್ಮ ಗ್ಯಾರೇಜಲ್ಲೇ ಎರಡು ಲೇತ್ ಇಟ್ಕೊಂಡಿರೋರು. ಹೋದ ತಕ್ಷಣ ಡಿಸೈನ್ ಬಗ್ಗೆ ಏನೂ ಕೇಳ್ಲಿಲ್ಲ, ಹಳೇ ಕ್ಯೂ ಕೈಗೆ ಕೊಟ್ಟು ಅರ್ಧ ಗಂಟೆ ಆಡ್ಸಿದ್ರು, ನಾನು ಎಲ್ಲಿ ಹಿಡೀತೀನಿ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ರು. ಆಮೇಲೆ ಗೋಡೆಗೆ ನೇತು ಹಾಕಿದ್ದ ಮೇಪಲ್ ಕಡ್ಡಿಗಳನ್ನ ತೋರ್ಸಿದ್ರು, ನೂರಾರು. ಲೇತ್‌ಗೆ ಹಾಕಿ ಕೂದಲೆಳೆಯಷ್ಟು ತೆಗೆಯೋದು, ತಿಂಗಳುಗಟ್ಟಲೆ ನೇತು ಹಾಕೋದು, ಮತ್ತೆ ಒಂಚೂರು ತೆಗೆಯೋದು. ಮರದೊಳಗಿನ ಬಿಗಿ ಬಿಡ್ತಾ ಬಿಡ್ತಾ ಕೆಲವು ಸೊಟ್ಟಗಾಗ್ತವೆ, ಅವು ಕಸಕ್ಕೆ. ನೆಟ್ಟಗೆ ಉಳಿದಿದ್ದು ಮಾತ್ರ ಶಾಫ್ಟ್. 14 ತಿಂಗಳಲ್ಲಿ ಮುಕ್ಕಾಲು ಪಾಲು ಹೋಗಿದ್ದು ಹಿಂಗೆ ಮರ ಸುಮ್ಮನೆ ನೇತಾಡೋದಕ್ಕೇ.

ಇನ್ನು ಬಟ್ ಮೇಲೆ, ಅಂದ್ರೆ ಕ್ಯೂದ ಹಿಂದಿನ ಅರ್ಧದ ಮೇಲೆ, ಈಟಿ ತರ ಚೂಪಾಗಿ ಏರಿರೋ ಪಾಯಿಂಟ್‌ಗಳಿದಾವಲ್ಲ, ನನಗೆ ಹುಚ್ಚು ಹಿಡ್ಸಿದ್ದು ಅವೇ. ಮೈಸೂರಲ್ಲಿ ಬೀಟೆ ಮರದ ಇನ್‌ಲೇ ಕೆಲಸ ನೋಡ್ಕೊಂಡು ಬೆಳೆದೋನು ನಾನು, ನಮ್ಮನೆ ಹಾಲ್‌ನಲ್ಲೇ ಒಂದು ಆನೆ ಇದೆ, ಹಾಗಾಗಿ ಕಣ್ಣು ಮೊದಲು ಹೋಗೋದು ಮರದ ಜಾಯಿಂಟಿಗೆ. ಕಂಪ್ಯೂಟರ್ ಮಷೀನಿನ ಬ್ಲೇಡು ಗುಂಡಗಿರತ್ತೆ, ಅದು ಕೊರೆದ ಪಾಯಿಂಟ್ ತುದಿ ಹತ್ತಿರದಿಂದ ನೋಡುದ್ರೆ ಒಂಚೂರು ಮೊಂಡು. ಕೈಯಲ್ಲಿ ಸ್ಪ್ಲೈಸ್ ಮಾಡಿದ್ದು, ಅಂದ್ರೆ ಮರಕ್ಕೆ ಮರ ಬೆಸೆದಿದ್ದು, ಸೂಜಿ ತರ ಇರತ್ತೆ. ಆದ್ರೆ ನಾಲ್ಕೂ ಒಂದೇ ಎತ್ತರಕ್ಕೆ ಬರೋದು ಬಲು ಕಷ್ಟ, ನನ್ನದರಲ್ಲಿ ಒಂದು ಒಂದಕ್ಕಿ ಕಾಳಷ್ಟು ಗಿಡ್ಡ. ಯಜಮಾನ್ರೇ ತೋರ್ಸಿ ದುಡ್ಡು ಕಮ್ಮಿ ಮಾಡ್ಲಾ ಅಂದ್ರು. ನಾನು ಬೇಡ ಅಂದೆ. ಬೀಟೆಯಲ್ಲೇ ಮಾಡ್ಸೋ ಆಸೆ ಇತ್ತು, 2017ರಿಂದ ಆ ಜಾತಿ ಮರಗಳೆಲ್ಲ ಸೈಟಿಸ್ (ಅಳಿವಿನ ಅಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿ ದೇಶ ದಾಟಿಸೋಕೆ ಕಾಗದ ಪತ್ರದ ತಲೆನೋವು, ಅದಕ್ಕೇ ಕರಿಮರಕ್ಕೆ ಒಪ್ಕೊಂಡೆ.

ಹ್ಯಾಂಡ್‌ಮೇಡ್ ಅಂದ್ರೆ ಎ ಟು ಝೆಡ್ ಒಬ್ಬರೇ ಮಾಡಿರ್ಬೇಕು ಅನ್ನೋ ಶುದ್ಧತೆಯ ವಾದ ನಂಗೆ ಹಿಡಿಸಲ್ಲ. ಜಾರ್ಜ್ ಬಾಲಬುಷ್ಕಾ ಅಂತ, ರಷ್ಯಾದಿಂದ ಚಿಕ್ಕ ಹುಡುಗನಾಗಿ ಬಂದೋರು, 1959ರಿಂದ 1975ರಲ್ಲಿ ಸಾಯೋವರೆಗೂ ಬ್ರೂಕ್ಲಿನ್‌ನಲ್ಲಿ ಕ್ಯೂ ಮಾಡಿದ್ರು, ಇವತ್ತಿಗೂ ಕಲೆಕ್ಟರ್‌ಗಳು ಅವರ ಹೆಸರಿಗೆ ಕೈ ಮುಗೀತಾರೆ. ಅವರೂ ಪಾಯಿಂಟ್ ಇರೋ ಭಾಗನ ಮೊದಮೊದಲು ಬ್ರನ್ಸ್‌ವಿಕ್ ಕಂಪನಿಯ ಟೈಟ್ಲಿಸ್ಟ್ ಕ್ಯೂಗಳಿಂದ್ಲೇ ತಗೊಳ್ತಿದ್ರು, ಆಮೇಲೆ ಬರ್ಟನ್ ಸ್ಪೇನ್, ಗಸ್ ಸ್ಯಾಂಬೋಟಿ ಮಾಡಿಕೊಟ್ಟಿದ್ದನ್ನ ಬಳಸ್ತಿದ್ರು.

ಒಂದು ಪೆದ್ದುತನನೂ ಹೇಳ್ಬಿಡ್ತೀನಿ. ಹೋದ ಜುಲೈನಲ್ಲಿ, ಇಲ್ಲಿನ ಬೇಸಿಗೆ ಸೆಕೆಯಲ್ಲಿ, ಕೇಸ್ ಸಮೇತ ಕಾರ್ ಡಿಕ್ಕಿಯಲ್ಲಿ ಎರಡು ದಿನ ಬಿಟ್ಟೆ. ಮೂರನೇ ದಿನ ಟೇಬಲ್ ಮೇಲೆ ಉರುಳ್ಸಿ ನೋಡುದ್ರೆ ಶಾಫ್ಟ್ ಕುಂಟ್ತಾ ಇದೆ. ಯಜಮಾನ್ರಿಗೆ ಫೋನ್ ಮಾಡ್ದೆ, ಬೈಲಿಲ್ಲ, "ಇನ್ನೊಂದು ನೇತಾಡ್ತಿದೆ, ಚಳಿಗಾಲಕ್ಕೆ ಬಾ" ಅಂದ್ರು.

ಆಟಕ್ಕೋಸ್ಕರ ಕೇಳ್ತಿದ್ರೆ ಇರೋ ಕ್ಯೂಗೇ ಒಳ್ಳೇ ಲೇಯರ್ಡ್ ಟಿಪ್ (ಚರ್ಮದ ಪದರಗಳನ್ನ ಅಂಟ್ಸಿ ಮಾಡಿದ್ದು) ಹಾಕ್ಸಿ, ಉಳಿದ ದುಡ್ಡಲ್ಲಿ ವರ್ಷವಿಡೀ ಟೇಬಲ್ ಬಾಡಿಗೆ ಕಟ್ಟಿ, ಆಟ ಖಂಡಿತ ಬೆಳೆಯತ್ತೆ. ಅಷ್ಟಾದ್ಮೇಲೂ ಆಸೆ ತೀರ್ಲಿಲ್ಲ ಅಂದ್ರೆ ನನ್ನ ಕ್ಯೂ ಒಂದು ಸಂಜೆ ಕೊಡ್ತೀನಿ, ಆಡಿ ನೋಡಿ. ಬ್ರೇಕ್ (ಆಟ ಶುರು ಮಾಡೋ ಮೊದಲ ಜೋರು ಏಟು) ಹೊಡ್ಯೋಕೆ ಮಾತ್ರ ಕೇಳ್ಬೇಡಿ, ಅದಕ್ಕೆ ಗೋಡೆ ಮೇಲಿರೋ ಕ್ಲಬ್ಬಿನ ಕ್ಯೂ ತಗೊಳ್ಳಿ.